ಜಹೀರಾಬಾದಿನ ಪ್ರೇಮಲಾ ಮತ್ತು ಪಿನ್‌ಬಾಲ್ ವೀರನ ವಿಭೂತಿ

ಬೆಳಗಿನ ಐದೂವರೆ. ಜಹೀರಾಬಾದಿನ ತಮ್ಮ ಮನೆಯ ಹಿತ್ತಲ ಶೆಡ್ಡಿನಲ್ಲಿ ಪ್ರೇಮಲಾ ಒಂದು ಗಾಜನ್ನು ಕಿಟಕಿಗೆ ಆನಿಸಿ ನಿಲ್ಲಿಸಿದ್ದಾರೆ. ಗಾಜಿನಲ್ಲಿ ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿದ ವಿದೇಶಿ ಕಾಮಿಕ್ ವೀರನೊಬ್ಬನ ಮುಖ. ಹಣೆಯ ಮೇಲೆ ಮೂರು ಗೆರೆ ವಿಭೂತಿ. ಪ್ರೇಮಲಾ ಕೈಯಲ್ಲಿ ಬ್ಲೇಡು. ಅದು ಹಣೆಯ ಹತ್ತಿರ ಹೋಗುತ್ತದೆ, ನಿಲ್ಲುತ್ತದೆ, ವಾಪಸ್ ಬರುತ್ತದೆ.

"ಆರು ದಿನ ಆತ್ರಿ, ಹಿಂಗೇ ಕುಂತೀನಿ" ಎನ್ನುತ್ತಾರೆ. "ಕೆರೀಬೇಕೋ ಬ್ಯಾಡೋ ತಿಳೀವಲ್ದು. ಫೋನ್ ಬಾರಿಸಿದ್ರ ಎದಿ ಧಸಕ್ ಅಂತದ."

ಐವತ್ತೆರಡರ ಪ್ರೇಮಲಾ ಪಿನ್‌ಬಾಲ್ ಯಂತ್ರಗಳನ್ನು ರಿಪೇರಿ ಮಾಡುತ್ತಾರೆ. ಇಳಿಜಾರು ಮೇಜು, ಅದರೊಳಗೆ ಓಡುವ ಉಕ್ಕಿನ ಗುಂಡು, ಗುಂಡು ಕೆಳಗೆ ಬೀಳದಂತೆ ಬಡಿಯುವ ಎರಡು ರೆಕ್ಕೆ, ತಲೆಯ ಕಡೆ ದೀಪ ಹೊತ್ತ ಚಿತ್ರದ ಗಾಜು. ವಿದೇಶದಲ್ಲಿ ಹಳತಾಗಿ ಮುಂಬೈ ಬಂದರಿಗೆ ಬಂದ ಇಂಥ ಆರು ಯಂತ್ರಗಳು ತಾಂಡೂರಿನ ಬಾಲರಾಜ ಅವರ ಆಟದ ಹಾಲಿನಲ್ಲಿವೆ. ವಾರಕ್ಕೆ ಎರಡು ದಿನ ಪ್ರೇಮಲಾ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಾರೆ. ಒಂದೊಂದರಲ್ಲಿ ಎಪ್ಪತ್ತರವರೆಗೂ ಬಲ್ಬು, ಬಿಡಿಸಿ ಎಳೆದರೆ ಅರ್ಧ ಮೈಲಿ ವೈರು. ರಬ್ಬರ್ ಉಂಗುರ ಸಿಗದಿದ್ದಾಗ ಸೈಕಲ್ ಟ್ಯೂಬು ಕತ್ತರಿಸಿ ಹಾಕುತ್ತಾರೆ. ಅವರಿಗೆ ಗಟ್ಟಿಯಾಗಿ ಇರುವ ಕೆಲಸ ಇದೊಂದೇ. ಇವತ್ತು ಹನ್ನೊಂದು ಗಂಟೆಗೆ ಅದು ಹೋಗಿಬಿಡಬಹುದು.

ಯಂತ್ರದ ಒಳಗನ್ನು ಅವರಿಗೆ ಕಲಿಸಿದವರು ನಾಗಲಗಿದ್ದದ ಸೂರ್ಯಕಾಂತ. ಮುಂಬೈನ ಆಟದ ಅಂಗಡಿಯಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಬಂದ ಅವರು ಈಗಿಲ್ಲ. ಬಣ್ಣ ಕಲಿಸಿದವರು ತಂದೆ, ನಾರಾಯಣಖೇಡದ ರೇವಪ್ಪ. ಮನೆಗಳಿಗೆ, ಲಾರಿಗಳಿಗೆ ಗಾಜಿನ ಮೇಲೆ ದೇವರ ಚಿತ್ರ ಬರೆಯುತ್ತಿದ್ದರು. ಗಾಜಿನ ಚಿತ್ರ ಬರೆಯುವುದು ಗಾಜಿನ ಬೆನ್ನಿಗೆ, ನೋಡುವುದು ಮುಂದಿನಿಂದ. ಹಾಗಾಗಿ ಎಲ್ಲಕ್ಕಿಂತ ಮೇಲೆ ಕಾಣಬೇಕಾದ್ದನ್ನು ಎಲ್ಲಕ್ಕಿಂತ ಮೊದಲು ಬರೆಯಬೇಕು. ಕಣ್ಣಿನ ಹೊಳಪು ಮೊದಲು, ಕಣ್ಣು ಆಮೇಲೆ. ವಿಭೂತಿ ಮೊದಲು, ಅದರ ಬೆನ್ನಿಗೆ ಹಣೆಯ ಬಣ್ಣ.

"ಅಪ್ಪ ಕುಂಚ ಕೈಯಾಗ ಕೊಟ್ ದಿನಾನೇ ಹೇಳಿದ್ರು, ಮೊದಲ ಮೂರು ಗೆರಿ ಎಳಿ, ಆಮ್ಯಾಲ ಮುಖಾ ಅಂತ. ನಲವತ್ ವರ್ಷ ಹಂಗೇ ಮಾಡೀನ್ರಿ. ಕೈಗಿ ಏನ್ ಗೊತ್ತು, ಇಂವ ಯಾರು, ಯಾವ ದೇಶದಾಂವ ಅಂತ?"

ಎರಡು ತಿಂಗಳ ಹಿಂದೆ ಈ ಕಾಮಿಕ್ ಯಂತ್ರದ ಗಾಜಿನಲ್ಲಿ ವೀರನ ಮುಖ ಪೂರ್ತಿ ಉದುರಿತ್ತು. ಪ್ರೇಮಲಾ ಹೊಸದಾಗಿ ಬರೆದರು. ಬಣ್ಣ ಒಣಗಿ, ಹಿಂದೆ ಬಲ್ಬು ಹಚ್ಚಿದಾಗಲೇ ಹಣೆಯ ವಿಭೂತಿ ಅವರಿಗೂ ಕಂಡದ್ದು. ಬಾಲರಾಜ ಸಿಟ್ಟಾಗಲಿಲ್ಲ, ಖುಷಿಪಟ್ಟರು. ಜನ ನೋಡಲೆಂದೇ ಬರತೊಡಗಿದರು. ಒಬ್ಬ ಅಜ್ಜಿ ಯಂತ್ರದ ಮುಂದೆ ಕಾಯಿ ಒಡೆಯಲು ಹೊರಟಾಗ ತಡೆಯಬೇಕಾಯಿತು. ಬಾಲರಾಜ ಅದೇ ಮುಖವನ್ನು ಹಾಲಿನ ಬೋರ್ಡಿಗೂ ಹಾಕಿಸಿದರು, ವಿಡಿಯೋ ಮಾಡಿ ಬಿಟ್ಟರು. ಅದು ಎಲ್ಲೆಲ್ಲೋ ಸುತ್ತಿ, ಆ ವೀರನ ಚಿತ್ರದ ಹಕ್ಕು ಇಟ್ಟುಕೊಂಡ ಕಂಪನಿಯವರ ಕಣ್ಣಿಗೆ ಬಿತ್ತು. ನೋಟಿಸು ಬಂತು: ಅನುಮತಿಯಿಲ್ಲದೆ ಮುಖ ಬದಲಿಸಿದ್ದೀರಿ, ಜಾಹೀರಾತಿಗೆ ಬಳಸಿದ್ದೀರಿ, ಇಂಥ ದಿನ ಹನ್ನೊಂದು ಗಂಟೆಗೆ ನಮ್ಮವರು ಬಂದು ನೋಡುತ್ತಾರೆ. ಬಾಲರಾಜ ಗಾಜನ್ನು ಬಿಚ್ಚಿ ಪ್ರೇಮಲಾಗೆ ಕಳಿಸಿ, "ವಿಭೂತಿ ಅಷ್ಟು ಅಳಿಸು" ಎಂದರು. ಆದರೆ ಅದು ಗಾಜಿಗೆ ಅಂಟಿದ ಮೊದಲ ಪದರ. ಅದನ್ನು ತೆಗೆಯಲು ಹಿಂದಿರುವ ಹಣೆಯನ್ನೇ ಕೆರೆಯಬೇಕು.

ಚಹಾ ತಂದ ಗಂಡ ಲಿಂಗರಾಜ ಹಸಿ ಶುಂಠಿಯ ವ್ಯಾಪಾರಿ. ಹೆಂಡತಿಯನ್ನು ನಗಿಸಲು ನೋಡುತ್ತಾರೆ. "ಈಕಿ ಕೈಯಾಗ ರಾಕ್ಷಸನ್ ಕೊಡ್ರಿ, ವಿಭೂತಿ ಹಚ್ಚೇ ಕಳಸ್ತಾಳ. ಲಗ್ನದಾಗ ನನ್ ಹಣಿ ನೋಡೇ ಒಪ್ಪಿದ್ಳು, ಮುಖಾ ನೋಡೇ ಇಲ್ಲ."

"ಮುಖಾ ನೋಡಿದ್ರ ಒಪ್ತಿದ್ನೇನ್?" ಎನ್ನುತ್ತಾರೆ ಪ್ರೇಮಲಾ. ನಗು ಬರುವುದು ಅಷ್ಟೇ. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುತ್ತಾರೆ. ಕೊನೆಗೆ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಎತ್ತಿಡುತ್ತಾರೆ. "ಸುಳ್ಳ ಆಗ್ತದ್ರಿ. ಇದ್ದದ್ದು ಇದ್ದಂಗ ಒಯ್ತೀನಿ."

ಬಸ್ಸಿನಲ್ಲಿ ಗಾಜು ಅವರ ತೊಡೆಯ ಮೇಲಿದೆ, ಕೌದಿಯಲ್ಲಿ ಸುತ್ತಿ. ಜ್ವರದ ಕೂಸನ್ನು ದವಾಖಾನೆಗೆ ಒಯ್ಯುವ ತಾಯಿ ಹೀಗೇ ಕೂರುತ್ತಾಳೆ, ಪ್ರತಿ ಕುಳಿಗೂ ಮೈ ಬಿಗಿಹಿಡಿದು. ಭಯವನ್ನು ಮರೆಯಲೆಂದೋ ಏನೋ, ಅವರು ಯಂತ್ರಗಳ ಮಾತಿಗೆ ಇಳಿಯುತ್ತಾರೆ.

ಹಾಲಿನ ಆರರಲ್ಲಿ ಮೂರು ಸಿನಿಮಾದವು, ಎರಡು ಕಾಮಿಕ್ಕಿನವು. ಆರನೆಯದರ ಮೇಲೆ ಯಾರ ಕಥೆಯೂ ಇಲ್ಲ, ಬರೀ ಗುಡುಗು ಮೋಡ. "ಮುಚ್ಚಳ ತೆಗದ್ರ ಎಲ್ಲಾ ತಿಳೀತದ. ಹೆಸರು ಕೊಳ್ಳಾಕ ರೊಕ್ಕಾ ಸುರದಿದ್ರ, ಒಳಗ ಕಂಜೂಸಿ ಮಾಡಿರ್ತಾರ. ಉಕ್ಕಿನ ಹಾದಿ ಇರೋ ಜಾಗಾದಾಗ ಪ್ಲಾಸ್ಟಿಕ್. ಪಿಕ್ಚರ್ ಬಿಡೂದ್ರೊಳಗ ಮಿಷಿನ್ ಬರಬೇಕಂತ ಗಡಬಡಿ. ವೈರಿನ ಬೆಸಗಿ ನೋಡಿದ್ರೇ ಗೊತ್ತಾಗ್ತದ, ಅದರಾಗೂ ಗಡಬಡಿ."

ಮುಖಗಳ ವಿಷಯ ಇನ್ನೂ ಸೋಜಿಗ. ಸಿನಿಮಾ ಯಂತ್ರಗಳಲ್ಲಿ ನಾಯಕರ ಮುಖ ಪಾಸ್‌ಪೋರ್ಟ್ ಫೋಟೋದಂತೆ ಸತ್ತಿರುತ್ತದಂತೆ, ಯಾಕೆಂದರೆ ಆ ನಟರೇ ನೋಡಿ ಒಪ್ಪಬೇಕು. ಮೂಲೆಯಲ್ಲಿರುವ ನಾಯಿ, ಕುದುರೆ, ಓಡಿಹೋಗುವ ಪೊಲೀಸು ಮಾತ್ರ ಜೀವಂತ, ಅವರನ್ನು ಕೇಳುವವರಿಲ್ಲ. "ಆದ್ರ ಎಲ್ಲಾ ಸಿನಿಮಾ ಮಿಷಿನ್ ಖರಾಬ್ ಅನ್ಬ್ಯಾಡ್ರಿ. ಅದರಾಗ ಒಂದದ, ಹಡಗದ ಕಥಿದು. ಮಾಡಿದಾಂವಗ ಕಥಿ ಮ್ಯಾಲ ಪ್ರೀತಿ ಇತ್ತು. ಗುಂಡು ಅಲಿ ಮ್ಯಾಲ ಹೋದಂಗೇ ಹೋಗ್ತದ."

ಈ ಕಾಮಿಕ್ಕಿನದು ಹೇಗೆ ಎಂದರೆ, ದನಿ ತಗ್ಗುತ್ತದೆ. "ಒಳಗ ಬಂಗಾರ. ಅದಕ್ಕೇ ಹೊಟ್ಟಿ ಉರೀತದ. ನನ್ ಕೈಲಿಂದ ಅದಕ್ಕ ಕೆಟ್ ಹೆಸರು ಬಂತಲ್ರಿ."

ತಾಂಡೂರಿನಲ್ಲಿ ಬಾಲರಾಜ ಬಾಗಿಲಲ್ಲೇ ನಿಂತಿದ್ದಾರೆ, ಬೆವರುತ್ತಿದ್ದಾರೆ. ಬೋರ್ಡು ಆಗಲೇ ಇಳಿದಿದೆ. ಕೌದಿ ಬಿಚ್ಚಿ ನೋಡಿ ಅವರ ಮುಖ ಬಿಳಿಚುತ್ತದೆ. "ಅಳಿಸಿಲ್ಲೇನ್ ಅಕ್ಕಾ? ಸತ್ನಲ್ಲ ನಾ! ಮಿಷಿನ್ ಬಂದಾಗಿಂದ ಹಿಂಗೇ ಅದ ಅಂತೀನಿ, ನೀ ಬಾಯಿ ಬಿಡಬ್ಯಾಡ."

ಕಂಪನಿಯ ಪರವಾಗಿ ಹೈದರಾಬಾದಿನಿಂದ ಬಂದಿರುವಾತ ಸುನೀಲ್. ಮಾತು ಮೆಲು, ಅದೇ ಇನ್ನಷ್ಟು ಹೆದರಿಸುತ್ತದೆ. ಗಾಜಿನ ಫೋಟೋ ತೆಗೆದುಕೊಂಡು, "ಯಾರು ಬರೆದದ್ದು ಇದು?" ಎಂದು ಕೇಳುತ್ತಾರೆ. ಬಾಲರಾಜ ಬಾಯಿ ತೆರೆಯುವ ಮೊದಲೇ ಪ್ರೇಮಲಾ ಹೇಳಿಬಿಡುತ್ತಾರೆ. "ನಾನೇ ರಿ. ಬೇಕಂತ ಅಲ್ಲ. ಕೈ ರೂಢಿ."

ಸುನೀಲ್ ಹೊರಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡುತ್ತಾರೆ. ಹಾಲಿನೊಳಗೆ ಯಾರೂ ಕೂರುವುದಿಲ್ಲ. ತಿರುಗಿ ಬಂದು ಹೇಳುತ್ತಾರೆ: ಬೇಕಂತ ಮಾಡಿದ್ದಲ್ಲ, ಬೋರ್ಡೂ ಇಳಿದಿದೆ, ಕೇಸು ಇಲ್ಲ. ಗಾಜನ್ನು ನಾನು ಒಯ್ಯುತ್ತೇನೆ. ಇನ್ನು ಮುಂದೆ ಈ ಹಾಲಿನಲ್ಲಿ ಆ ವೀರನ ಹೆಸರು, ಮುಖ ಎಲ್ಲೂ ಕಾಣಬಾರದು. ಯಂತ್ರ ಇಟ್ಟುಕೊಳ್ಳಿ.

ಗಾಜು ಅದೇ ಕೌದಿಯಲ್ಲಿ ಕಾರು ಹತ್ತುತ್ತದೆ. ಕೌದಿ ವಾಪಸ್ ಕೇಳಲು ಪ್ರೇಮಲಾಗೆ ಧೈರ್ಯ ಬರುವುದಿಲ್ಲ.

ಕೇಸಿನ ಭಯ ಹೋಯಿತು. ಬಾಲರಾಜ ತಲೆಯಿಲ್ಲದಂತೆ ನಿಂತ ಯಂತ್ರವನ್ನು ಸುತ್ತು ಹಾಕುತ್ತಾರೆ. "ಮುಖಾ ಇಲ್ದ ಮಿಷಿನ್‌ಗಿ ಯಾರ್ ಬರ್ತಾರ ಅಕ್ಕಾ? ನಾಳಿ ಉಳಿದವ್ರೂ ಬಂದು ತಮ್ ತಮ್ ಹೆಸರು ಕೇಳಿದ್ರ? ಗುಜರಿಗಿ ಹಾಕಿ, ಇಲ್ಲಿ ಕೇರಂ ಇಡ್ತೀನಿ. ಆಗ ನಿನಗೇನ್ ಕೆಲಸ ಹೇಳ್ಲಿ?"

ಪ್ರೇಮಲಾ ಮಂಡಿಯೂರಿ ಯಂತ್ರದ ಮುಂಬಾಗಿಲು ತೆರೆದು, ಒಳಗೆ ಕೈ ಹಾಕಿ ಸ್ವಿಚ್ಚು ಒತ್ತುತ್ತಾರೆ. ಮೇಜಿನಲ್ಲಿ ದೀಪಗಳು ಒಂದೊಂದಾಗಿ ಹತ್ತುತ್ತವೆ. ಎದ್ದು, ಬಾಲರಾಜ ಅವರ ಎರಡೂ ಕೈ ಹಿಡಿದು ರೆಕ್ಕೆಯ ಗುಂಡಿಗಳ ಮೇಲೆ ಇಡುತ್ತಾರೆ.

"ಒಂದ್ ಗುಂಡು ಆಡ್ ತಮ್ಮಾ" ಎನ್ನುತ್ತಾರೆ. "ಗುಂಡು ಕೆಳಗ ಬೀಳೂತನಾ ತಲಿ ಎತ್ತಿ ಮ್ಯಾಲ ಮುಖಾ ಹುಡುಕಿದ್ರ, ಇವತ್ತೇ ಗುಜರಿಗಿ ಹಾಕು."