ಬಿಂದಿಗೆಗೆ ಬೆಳಕು ಹಿಡಿದ ಬದರಿನಾಥ

ನನ್ನ ತಂಗಿಯ ಗಂಡ ಬದರಿನಾಥ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುತ್ತಾ ಹೋದಂತೆ ನನಗೆ ಸಿಟ್ಟು ಬರುತ್ತದೆ. ಅವನು ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಹೆಂಡತಿಯ ಮೇಲೆ ಒಂದು ದಿನ ದನಿ ಎತ್ತಿದವನಲ್ಲ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಾಡಿಗೆ ಮನೆ, ಗುಮಾಸ್ತೆ ಕೆಲಸ, ಒಬ್ಬಳೇ ಮಗಳು ಚೂಡಾಮಣಿ. ಇಷ್ಟರಲ್ಲಿ ಸುಖವಾಗಿ ಇರಬಹುದಿತ್ತು. ಅವನಿಗೆ ಫೋಟೋದ ಹುಚ್ಚು ಹಿಡಿಯಿತು.

ಅದೂ ಮನುಷ್ಯರ ಫೋಟೋ ಅಲ್ಲ. ಪಾತ್ರೆ ಅಂಗಡಿಯ ಸೇಟು ಒಬ್ಬರು ತಮ್ಮ ಸ್ಟೀಲ್ ಸಾಮಾನಿನ ಚಿತ್ರ ತೆಗೆದುಕೊಟ್ಟರೆ ಕ್ಯಾಲೆಂಡರಿಗೆ ಹಾಕಿಸುತ್ತೇನೆ ಎಂದಿದ್ದರಂತೆ. ಅದು 1976. ಅಂದಿನಿಂದ ಪ್ರತಿ ಭಾನುವಾರ ನಡುಮನೆಯೇ ಅವನ ಸ್ಟುಡಿಯೋ. ಕಿಟಕಿಗೆ ಕಂಬಳಿ, ಮೇಜಿನ ಮೇಲೆ ಬಿಂದಿಗೆ, ತಳಕ್ಕೆ ತೂತು ಕೊರೆದ ಅಲ್ಯೂಮಿನಿಯಂ ಬೋಗುಣಿಯೊಳಗೆ ಐನೂರು ವಾಟಿನ ಬಲ್ಬು. ಫ್ಯೂಸು ಹೋದಾಗಲೆಲ್ಲ ಮನೆಯ ಮಾಲೀಕ ವೆಂಕಟಾಚಲ ಬಂದು ಬಾಗಿಲು ಬಡಿಯುತ್ತಿದ್ದ. ನಮ್ಮ ಬದರಿ ದೇವರ ಪೂಜೆಗೆ ಅಡ್ಡಿ ಬಂದವನನ್ನು ನೋಡುವ ಹಾಗೆ ಅವನನ್ನು ನೋಡುತ್ತಿದ್ದ.

ಸ್ಟೀಲು ಕನ್ನಡಿಯ ತಮ್ಮ. ಎದುರಿಗಿದ್ದ ಬಲ್ಬು, ಕ್ಯಾಮೆರಾ, ಬನಿಯನ್ ಹಾಕಿಕೊಂಡ ಬದರಿ, ಎಲ್ಲವೂ ಬಿಂದಿಗೆಯ ಹೊಟ್ಟೆಯಲ್ಲಿ ಕಾಣುತ್ತಿದ್ದವು. ಮೊದಲ ಐದಾರು ರೋಲು ಹೀಗೇ ಹಾಳಾದವು. ಆಮೇಲೆ ಲೈಬ್ರರಿಯಿಂದ ಪುಸ್ತಕ ತಂದು ಓದಿದ. ತನ್ನ ಬಿಳಿ ಪಂಚೆಯನ್ನು ಬಿಂದಿಗೆಯ ಸುತ್ತ ಡೇರೆಯಂತೆ ಕಟ್ಟಿ, ಬಲ್ಬನ್ನು ಹೊರಗಿಟ್ಟು, ಬಟ್ಟೆಯ ಸಂದಿನಿಂದ ಕ್ಯಾಮೆರಾ ತೂರಿಸಿದ. ಬೆಳಕು ಸೋಸಿ ಒಳಗೆ ಬಂತು, ಸ್ಟೀಲು ಹಾಲಿನಂತೆ ತಣ್ಣಗಾಯಿತು. ಆದರೂ ಅಂಚಿನಲ್ಲಿ ಬಲ್ಬಿನದೊಂದು ಚುಕ್ಕೆ ಉಳಿಯುತ್ತಿತ್ತು. ಕಾಗದದ ಮೇಲೆ ಬಿಳಿಯಾಗಿ ಕಾಣುವ ಚುಕ್ಕೆ ನೆಗೆಟಿವ್‌ನಲ್ಲಿ ಕಪ್ಪಾಗಿರುತ್ತದೆ. ಭೂತಗನ್ನಡಿ ಹಿಡಿದು, ಅರ್ಧ ಬ್ಲೇಡಿನ ಮೂಲೆಯಿಂದ ಅದನ್ನು ಹದವಾಗಿ ಕೆರೆಯುತ್ತಿದ್ದ. ಪ್ರಿಂಟು ಹಾಕಿದಾಗ ಚುಕ್ಕೆ ಮಾಯ. ಎಲ್ಲಾದರೂ ಬಲ್ಬು ಕಾಣುತ್ತದೆಯೇ ಹುಡುಕಿ ಎಂದು ಬಂದವರಿಗೆಲ್ಲ ಸವಾಲು ಹಾಕುತ್ತಿದ್ದ. ಕೈಚಳಕ ಇತ್ತು, ಇಲ್ಲವೆನ್ನಲಾರೆ.

ಇದೇ ಎರಡು ವರ್ಷದಲ್ಲಿ ನನ್ನ ತಂಗಿ ವಿಮಲಾ ಕರಗಿಹೋದಳು. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ನಿಗೆ ಕಾಲ ಮೀರಿದೆ ಎಂದು ಡಾಕ್ಟರು ಹೇಳಿದರು. ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿದ್ದ ನಾನು ಇವರ ಮನೆಗೆ ಬಂದು ನಿಂತೆ. ಎರಡು ಹೆಜ್ಜೆ ನಡೆದರೆ ಅವಳಿಗೆ ಏದುಸಿರು. ಕಣ್ಣುಗಳು ಮಾತ್ರ ಮೊದಲಿನ ಹಾಗೇ ಹೊಳೆಯುತ್ತಿದ್ದವು.

ಗಂಡನನ್ನು ಅವಳು ಕೇಳಿದ್ದು ಒಂದೇ. ಅವಳದು ಅಂತ ಇದ್ದ ಫೋಟೋ ಮದುವೆಯದು ಮಾತ್ರ. ಅದರಲ್ಲಿ ಬಾಸಿಂಗ ಕಟ್ಟಿಕೊಂಡು ತಲೆ ಬಗ್ಗಿಸಿದ್ದಾಳೆ, ಕಾಣುವುದು ಮೂಗಿನ ತುದಿ.

"ಚೂಡಿಗೆ ಮೂರು ವರ್ಷ ರೀ. ನನ್ನ ಮುಖ ಅವಳಿಗೆ ನೆನಪಿರಲ್ಲ. ಒಂದು ಫೋಟೋ ತೆಗೀರಿ. ನಾನು ಅವಳನ್ನೇ ನೋಡ್ತಿರೋ ಹಾಗಿರ್ಲಿ."

ಅವನು ಆಗಲ್ಲ ಎನ್ನಲಿಲ್ಲ. ಬೆಳಕು ಇನ್ನೂ ಕೈಗೆ ಹತ್ತಿಲ್ಲ, ಸ್ಟೀಲನ್ನು ಗೆದ್ದರೆ ಮುಖ ಯಾವ ಮಹಾ, ಇನ್ನೊಂದು ತಿಂಗಳು ತಾಳು ಎಂದ. ಆರು ತಿಂಗಳು ಕಳೆಯಿತು. ಶಾಪಿಂಗ್ ಕಾಂಪ್ಲೆಕ್ಸಿನ ಹತ್ತಿರದ ಸ್ಟುಡಿಯೋಗೆ ಆಟೋದಲ್ಲಿ ಕರೆದುಕೊಂಡು ಹೋಗೋಣ ಎಂದು ನಾನಂದರೆ ಅವನ ಮುಖ ಸಪ್ಪಗಾಯಿತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಎದುರಿಗೇ ಅಂದೆ. ಅವರೇ ತೆಗೀತಾರೆ ಬಿಡು ಎಂದು ವಿಮಲಾ ನನ್ನ ಬಾಯಿ ಮುಚ್ಚಿಸಿದಳು. ನಾನಾದರೂ ಒಂದು ಆಟೋ ಕೂಗಬಹುದಿತ್ತು. ಕೂಗಲಿಲ್ಲ. ಆ ತಪ್ಪು ನನ್ನದೇ.

1978ರ ಫೆಬ್ರವರಿಯ ಒಂದು ಭಾನುವಾರ ಕೊನೆಗೂ ಕೂರಿಸಿದ. ಕಂಬಳಿ ಕಟ್ಟಿದ ಕೋಣೆ, ಎರಡು ಬಲ್ಬಿನ ಝಳ. ಸುತ್ತ ಅದೇ ಪಂಚೆ. ಬಿಂದಿಗೆಗೆ ಮಾಡಿದ ಹಾಗೇ ಲೆನ್ಸಿನ ಕಿಂಡಿ ಕಿರಿದು ಮಾಡಿದ್ದರಿಂದ ಫೋಟೋಗೆ ಪೂರ್ತಿ ಒಂದು ಸೆಕೆಂಡು ಬೇಕು, ಅಲ್ಲಾಡದೆ ಉಸಿರು ಬಿಗಿಹಿಡಿ ಎಂದ. ಉಸಿರಿಗಾಗಿಯೇ ಒದ್ದಾಡುವವಳಿಗೆ. ಮಗುವನ್ನು ಕ್ಯಾಮೆರಾದ ಪಕ್ಕ ಎತ್ತಿಕೊಂಡು ನಿಂತವಳು ನಾನು. ವಿಮಲಾ ಅವಳನ್ನೇ ನೋಡುತ್ತಾ ನಾಲ್ಕು ಸಲ ಉಸಿರು ಹಿಡಿದಳು. ಐದನೆಯದಕ್ಕೆ ಆಗಲಿಲ್ಲ. ಫಿಲ್ಮು ತೊಳೆದು ನೋಡಿದಾಗ ಮೂರು ಅಲ್ಲಾಡಿದ್ದವು, ಒಂದು ನೆಟ್ಟಗಿತ್ತು.

ಗುರುವಾರ ಪ್ರಿಂಟು ತಂದು ಅವಳ ಕೈಗಿಟ್ಟ. ಚರ್ಮದ ಮೇಲೆ ಒಂದು ಕಲೆಯಿಲ್ಲ, ಎಲ್ಲೂ ಗಡಸು ನೆರಳಿಲ್ಲ. ಆದರೆ ಆ ಮುಖ ನನ್ನ ತಂಗಿಯದು ಅನ್ನಿಸಲಿಲ್ಲ. ಯಾಕೆಂದು ಮೊದಲು ತಿಳಿಯಲಿಲ್ಲ. ತಿಳಿದದ್ದು ವಿಮಲಾಗೆ.

"ಇದ್ರಲ್ಲಿ ನಾನು ಯಾರನ್ನೂ ನೋಡ್ತಿಲ್ವಲ್ರೀ."

ಎರಡು ಕಣ್ಣಿನಲ್ಲೂ ಬಲ್ಬಿನ ಚುಕ್ಕೆ ಬಿದ್ದಿತ್ತು, ಅದಕ್ಕೇ ತೆಗೆದುಹಾಕಿದೆ ಎಂದ ಬದರಿ. ಹೇಳುತ್ತಾ ಹೇಳುತ್ತಾ ಅವನ ದನಿ ಇಳಿಯಿತು. ಎರಡು ವರ್ಷ ಅವನು ಕಲಿತದ್ದು ಅದೊಂದೇ: ಹೊಳೆಯುವುದು ಕಂಡರೆ ಕೆರೆಯುವುದು. ಬದುಕಿರುವವರ ಕಣ್ಣಿನಲ್ಲಿ ಆ ಚುಕ್ಕೆ ಇರಲೇಬೇಕು ಎಂದು ಅವನಿಗೆ ಹೊಳೆದಿರಲಿಲ್ಲ. ಕೆರೆದದ್ದು ನೆಗೆಟಿವ್ ಮೇಲೆ. ಅಲ್ಲಿ ಹೋದ ಚುಕ್ಕೆ ಮತ್ತೆ ಬರುವುದಿಲ್ಲ.

ಭಾನುವಾರ ಇನ್ನೊಂದು ತೆಗೆಯುತ್ತೇನೆ ಎಂದ. ಶುಕ್ರವಾರ ಅವಳನ್ನು ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಂದ ಅವಳು ಮನೆಗೆ ಬರಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಅವನು ಪ್ರಿಂಟಿನ ಮೇಲೆ ಬಿಳಿ ಬಣ್ಣದಿಂದ ಚುಕ್ಕೆ ಇಡಲು ಕೂತ. ಒಂದು ಕಣ್ಣು ಇತ್ತ ನೋಡಿದರೆ ಇನ್ನೊಂದು ಅತ್ತ. ನನ್ನ ತಂಗಿ ಮೆಳ್ಳೆಗಣ್ಣಿನವಳಂತೆ ಕಂಡಳು. ಅಳಿಸಿ ಮತ್ತೆ ಇಟ್ಟ, ಮತ್ತೆ ಅಳಿಸಿದ. ಕೊನೆಗೆ ನಾನೇ ಕುಂಚ ಕಿತ್ತುಕೊಂಡೆ. ಚುಕ್ಕೆಯಿಲ್ಲದ ಇನ್ನೊಂದು ಪ್ರಿಂಟಿಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆವು. ಬಲ್ಬು, ಬೋಗುಣಿ ಅಟ್ಟಕ್ಕೆ ಹೋದವು. ಆ ಫೋಟೋದ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಿದರೆ ಅವನು ಊಟ ಬಿಟ್ಟು ಏಳುತ್ತಿದ್ದ. ಅವನ ಮೇಲಿನ ಸಿಟ್ಟು ಕರುಣೆಯಾಗಿ, ಮತ್ತೆ ಸಿಟ್ಟಾಗಿ, ನಾನೂ ಸುಮ್ಮನಾದೆ.

ಚೂಡಿ ನನ್ನನ್ನು ದೊಡ್ಡಮ್ಮ ಎನ್ನುತ್ತಾ ಬೆಳೆದಳು. ಅವಳಿಗೆ ಹನ್ನೆರಡು ತುಂಬಿದ ವರ್ಷ ಒಂದು ಶನಿವಾರ ಸ್ಕೂಲಿನಿಂದ ಹೊಸ ಗೆಳತಿಯನ್ನು ಕರೆತಂದಳು. ಬದರಿ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ, ನಾನು ಹುರುಳಿಕಾಯಿ ಸೋಸುತ್ತಿದ್ದೆ. ಆ ಹುಡುಗಿ ಫೋಟೋ ನೋಡಿ, ನಿಮ್ಮಮ್ಮ ಯಾಕೆ ಹೀಗಿದ್ದಾರೆ ಎಂದು ಮೆಲ್ಲಗೆ ಕೇಳಿತು.

"ನಮ್ಮಮ್ಮಂಗೆ ಕಣ್ಣು ಕಾಣ್ತಿರ್ಲಿಲ್ಲ ಕಣೇ" ಎಂದಳು ಚೂಡಿ.

ಬದರಿಯ ಕೈಯಲ್ಲಿದ್ದ ಪೇಪರು ಮೆಲ್ಲಗೆ ಕೆಳಗಿಳಿಯಿತು. ಯಾರೂ ಏನೂ ಹೇಳದ ಮನೆಯಲ್ಲಿ ಮಗು ತನ್ನಷ್ಟಕ್ಕೆ ತಾನೇ ಕಾರಣ ಕಂಡುಕೊಂಡಿತ್ತು, ಎಂಟೊಂಬತ್ತು ವರ್ಷ ಅದನ್ನೇ ನಂಬಿತ್ತು. ಚೂಡಿ ಗೆಳತಿಗೆ ಇನ್ನೂ ಒಂದು ಮಾತು ಹೇಳಿದಳು, ಅಳುವೇನೂ ಇಲ್ಲದೆ.

"ನನ್ನ ಮುಖ ಹೇಗಿದೆ ಅಂತ ಅಮ್ಮ ನೋಡೇ ಇಲ್ಲ."