ಪ್ರೇಮವ್ವನ ಗಟ್ಟಿ ಶಾಕಬ್ಸರ್

ಮೋಟೆಬೆನ್ನೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಪ್ರೇಮವ್ವನ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಜಾತಿ. ಒಂದು ಗಟ್ಟಿ, ಇನ್ನೊಂದು ಮೆತ್ತಗೆ. ತೆಂಗಿನಕಾಯಾಗಲಿ, ಚಪ್ಪಲಿಯಾಗಲಿ, ಬೀಗರಾಗಲಿ, ಒಮ್ಮೆ ಒತ್ತಿ ನೋಡದೆ ಆಕೆ ಒಳಗೆ ಬಿಟ್ಟುಕೊಂಡವಳಲ್ಲ. ಗಂಡ ಶಶಿಕಾಂತನ ವಿಷಯದಲ್ಲಿ ಮಾತ್ರ ಒತ್ತಿ ನೋಡುವ ಮೊದಲೇ ಹಿರಿಯರು ಅಕ್ಕಿಕಾಳು ಹಾಕಿಬಿಟ್ಟಿದ್ದರು. ಅವನು ಗಿರಣಿಯ ಮೂಲೆಯಲ್ಲಿ ಕೂತು ಜೋಳ ತೂಗುತ್ತಾನೆ, ಆಕೆ ಬೈದರೆ ನಗುತ್ತಾನೆ. ನಾನು ಪಕ್ಕದ ಮನೆಯವನು. ಆ ಬೈಗುಳವನ್ನು ವರ್ಷಗಟ್ಟಲೆ ಪುಕ್ಕಟೆ ಕೇಳುತ್ತ ಬಂದಿದ್ದೇನೆ.

ಇಂಥ ಪ್ರೇಮವ್ವ 2007ರ ಬೇಸಿಗೆಯಲ್ಲಿ ಮಗಳ ಸೈಕಲ್ಲಿಗೆ ಶಾಕಬ್ಸರ್ ಹುಡುಕಲು ಹೊರಟಳು. ಮಗಳು ಶೈಲಾ ಹಿಂದಿನ ವರ್ಷ ಪೇರಲ ಗಿಡದಿಂದ ಬಿದ್ದು ಎಡಗೈಯ ಮಣಿಕಟ್ಟು ಮುರಿದುಕೊಂಡಿದ್ದಳು. ಎಲುಬು ಕೂಡಿತು, ನೋವು ಪೂರ್ತಿ ಬಿಡಲಿಲ್ಲ. ಸೈಕಲ್ ಹೊಡೆಯಲಿ, ಆದರೆ ಕೈಗೆ ಹೊಡೆತ ಬೀಳಬಾರದು ಎಂದು ಡಾಕ್ಟರು ಹೇಳಿದ್ದರು. ಡಾಕ್ಟರಿಗೇನು, ಹೇಳಿಬಿಟ್ಟರು. ನಮ್ಮ ಕಡೆಯಿಂದ ಶಾಲೆಗೆ ಹೋಗುವ ದಾರಿಗೆ ಖಡಿಕಲ್ಲು ಸುರಿದು ಡಾಂಬರು ತರಲು ಹೋದವರು ಇನ್ನೂ ಬಂದಿರಲಿಲ್ಲ.

ಸೈಕಲ್ ಅಂತೂ ಮನೆಗೆ ಬಂದಿತ್ತು. ಪ್ರೇಮವ್ವನ ತಮ್ಮ ಕಿರಣಕುಮಾರ ತನ್ನ ಮಗನಿಗೆ ಸಣ್ಣದಾದ ಮೌಂಟನ್ ಬೈಕನ್ನು ಕಳಿಸಿದ್ದ. ದಪ್ಪ ಟೈರು, ಗೇರು, ಎಲ್ಲ ಇತ್ತು. ಮುಂದಿನ ಗಾಲಿ ಹಿಡಿಯುವ ಫೋರ್ಕ್ ಮಾತ್ರ ಸೊಟ್ಟಗಾಗಿತ್ತು, ಅದನ್ನು ಗಾಲಿ ಸಮೇತ ಬಿಚ್ಚಿಟ್ಟಿದ್ದರು. ಅದರ ಜಾಗಕ್ಕೆ ಒಳಗೆ ಸ್ಪ್ರಿಂಗ್ ಇರುವ ಫೋರ್ಕ್, ಅಂದರೆ ಶಾಕಬ್ಸರ್, ಹಾಕಿದರೆ ಮಾತ್ರ ಸೈಕಲ್, ಇಲ್ಲದಿದ್ದರೆ ಕಾಲ್ನಡಿಗೆ ಎಂದು ಪ್ರೇಮವ್ವ ಅಪ್ಪಣೆ ಕೊಡಿಸಿದಳು. ಅಲ್ಲಿಯವರೆಗೆ ಶೈಲಾ ಮುಂದಿನ ಗಾಲಿಯಿಲ್ಲದ ಸೈಕಲ್ ಮೇಲೆ ಕೂತು ಗೇರು ತಿರುವುತ್ತಿದ್ದಳು.

ಹಾವೇರಿಯ ಅಂಗಡಿಯವರು ಶಾಕಬ್ಸರ್ ಬೇಕಾದರೆ ಇಡೀ ಸೈಕಲ್ಲನ್ನೇ ಒಯ್ಯಿರಿ ಎಂದರು. ತಾಳಿ ಬೇಕೆಂದವರಿಗೆ ಹೆಣ್ಣನ್ನೂ ಕಟ್ಟುವವರು ಎಂದು ಪ್ರೇಮವ್ವ ಬೈದುಕೊಂಡು ಬಂದಳು. ಬ್ಯಾಡಗಿಯಲ್ಲಿ ದೊಡ್ಡ ಸೈಕಲ್ಲಿನದು ಇತ್ತು, ಮಕ್ಕಳದ್ದು ಇರಲಿಲ್ಲ. ಕಡೆಗೆ ರಾಣೆಬೆನ್ನೂರಿಗೆ ಹೋಗುವಾಗ ಸಾಮಾನು ಹೊರಲು ನನ್ನನ್ನೂ ಎಳೆದುಕೊಂಡು ಹೋದಳು. ಅಲ್ಲಿ ಸಲಾವುದ್ದೀನ ಎಂಬುವನ ಅಂಗಡಿಯಲ್ಲಿ ಈ ಅಳತೆಯವು ಎರಡು ತರಹ ಇದ್ದವು.

ಮೊದಲನೆಯದನ್ನು ಪ್ರೇಮವ್ವ ನೆಲಕ್ಕೂರಿ ಒತ್ತಿದಳು. ಅದು ಸಲೀಸಾಗಿ ಕೆಳಗಿಳಿದು ಮೇಲೆ ಬಂತು. ಆಕೆಯ ಮುಖ ಹುಳ್ಳಗಾಯಿತು.

"ಏನ್ರಿ ಇದು, ಮುಟ್ಟಿದ್ರ ಕುಸೀತೈತಿ!"

"ಅಕ್ಕಾರ, ಕುಸೀಲಿ ಅಂತನ ಮಾಡಿದ್ದರಿ ಅದು," ಎಂದ ಸಲಾವುದ್ದೀನ.

"ಹಂಗಂತ ಹೇಳೇ ನೀವು ಜೊಳ್ಳು ಸಾಮಾನ ಮಾರತೀರಿ. ಇವತ್ತು ಕುಸಿದದ್ದು ನಾಳೆ ನಿಂದರತೈತೇನು?"

ಎರಡನೆಯದನ್ನು ಒತ್ತಿದಳು. ಜಪ್ಪಯ್ಯ ಅನ್ನಲಿಲ್ಲ. ಎರಡೂ ಕೈ ಹಾಕಿದಳು. ಆಗಲೂ ಇಲ್ಲ. ನನಗೂ ಒತ್ತಲು ಹೇಳಿದಳು. ನಾನು ಕೆಂಪಾದೆ, ಅದು ಅಲ್ಲಾಡಲಿಲ್ಲ. ಪ್ರೇಮವ್ವನ ಕಣ್ಣು ಅರಳಿತು. ಯಾರೂ ಕೇಳದೆ ಉಳಿದಿದ್ದರಿಂದ ಅದರ ಬೆಲೆಯೂ ಕಡಿಮೆ. ಅಗ್ಗದ್ದೂ ಗಟ್ಟಿಯದೂ ಒಂದೇ ಆಗಿ ಸಿಗುವುದು ಆಕೆಯ ಆಯುಷ್ಯದಲ್ಲೇ ಮೊದಲು. ಸಣ್ಣ ಹುಡುಗಿಗೆ ಇದು ಬ್ಯಾಡ್ರಿ ಎಂದು ಸಲಾವುದ್ದೀನ ಹೇಳಿದ್ದೇ ತಪ್ಪಾಯಿತು. ಮೆತ್ತನೆಯ ಮಾಲು ಇಡುವುದು ಹೇಗೆ ಪಾಪ ಎಂದು ಉಳಿದ ಗಿರಾಕಿಗಳೆದುರು ಆಕೆ ಅವನಿಗೆ ಪ್ರವಚನ ಮಾಡಿದಳು. ಪಾಪ, ತಲೆ ಬಗ್ಗಿಸಿ ಕೇಳಿದ.

ಊರಿಗೆ ಬಂದು ನಟ್ಟು ಬಿಗಿಯುವ ಪಾನಾ ಹಿಡಿದು ತಾನೇ ಜೋಡಿಸಿದಳು. ನಂತರ ಸೈಕಲ್ ಏರಿ ಹ್ಯಾಂಡಲ್ಲಿನ ಮೇಲೆ ಮೈಭಾರ ಹಾಕಿದಳು. ಪ್ರೇಮವ್ವನ ಭಾರ ಸಾಮಾನ್ಯದ್ದಲ್ಲ. ಶಾಕಬ್ಸರ್ ಎರಡು ಬೆರಳು ತಗ್ಗಿತು.

"ನೋಡ್ರಿ, ನನಗಷ್ಟ ತಗ್ಗತೈತಿ. ಮರ್ಯಾದಿ ಗೊತ್ತೈತಿ ಅದಕ್ಕ!"

ಆಮೇಲೆ ಬೀಸಲು ಬಂದವರೆಲ್ಲ ಏರಿ ಪರೀಕ್ಷೆ ಮಾಡಿದರು. ಚೀಲ ಹೊರುವವನು ಹೂವಿನಂಗೈತಿ ಎಂದ. ಶಶಿಕಾಂತನೂ ಏರಿದ, ನಕ್ಕ. ಇಡೀ ಓಣಿಯ ದೊಡ್ಡವರು ಒಪ್ಪಿದ ಮೇಲೆ ಶೈಲಾಳನ್ನು ಕೇಳುವುದೇನಿದೆ? ಆಕೆ ದಿನಾ ಸೈಕಲ್ ಮೇಲೆ ಶಾಲೆಗೆ ಹೋದಳು, ಬಂದಳು. ಹೆಂಗೈತಿ ಎಂದರೆ, ಗಟ್ಟಿ ಐತೆವ್ವ ಎನ್ನುತ್ತಿದ್ದಳು. ಅದಕ್ಕಿಂತ ದೊಡ್ಡ ಹೊಗಳಿಕೆ ಆ ಮನೆಯಲ್ಲಿ ಇರಲಿಲ್ಲ.

ಸೈಕಲ್ ನಿಲ್ಲುತ್ತಿದ್ದುದು ಗಿರಣಿಯ ಒಳಗೆ. ಒಂದು ದಿನ ಕಸ ಗುಡಿಸುತ್ತಿದ್ದ ಪ್ರೇಮವ್ವ ಫೋರ್ಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತವಳು ಏಳಲಿಲ್ಲ. ಹೊಳೆಯುವ ಕೊಳವೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಹಿಟ್ಟು ಕೂತು ಗಟ್ಟಿಯಾಗಿತ್ತು. ಶೈಲಾ ಹೊಡೆಯುವಾಗ ಫೋರ್ಕ್ ಒಮ್ಮೆಯಾದರೂ ತಗ್ಗಿದ್ದರೆ ಕೊಳವೆ ಒಳಗೆ ಹೋಗಿ ಬಂದು ಹಿಟ್ಟು ಒರೆಸಿಹೋಗಬೇಕಿತ್ತು. ಶಾಲೆ ಶುರುವಾದಾಗಿನಿಂದ ಆ ಖಡಿಯ ಹೊಡೆತವೆಲ್ಲ ಎಲ್ಲಿಗೆ ಹೋಗಿತ್ತು ಎಂದು ಗಿರಣಿಯವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದೇ ಮಧ್ಯಾಹ್ನ ನಾವಿಬ್ಬರೂ ಮತ್ತೆ ರಾಣೆಬೆನ್ನೂರಿನಲ್ಲಿದ್ದೆವು.

"ಆ ಮೆತ್ತಂದು ಕೊಡ್ರಿ," ಎಂದಳು ಪ್ರೇಮವ್ವ, ಸಲಾವುದ್ದೀನನ ಮುಖ ನೋಡದೆ.

"ಎಲ್ಲಿದು ಅಕ್ಕಾರ? ನೀವು ಅಷ್ಟ ಮಂದ್ಯಾಗ ಜೊಳ್ಳು ಅಂದ ಮ್ಯಾಲೆ ಒಬ್ರೂ ಮುಟ್ಟಲಿಲ್ಲ. ಎಲ್ಲಾ ವಾಪಸ್ ಕಳಿಸೇನ್ರಿ."

ಆಕೆಯ ಪ್ರವಚನ ಅಷ್ಟು ಫಲ ಕೊಟ್ಟದ್ದು ಅದೊಂದೇ ಸಲ. ನನಗೆ ನಗು ಬಂತು, ಆಕೆಯ ಮುಖ ನೋಡಿ ನುಂಗಿಕೊಂಡೆ. ಸಲಾವುದ್ದೀನ ಒಳ್ಳೆಯವನು. ಫೋರ್ಕಿನ ಎರಡು ಕಾಲಿನಲ್ಲೂ ಒಂದೊಂದು ಸ್ಪ್ರಿಂಗ್ ಇರುತ್ತದೆ, ಒಂದನ್ನು ತೆಗೆದುಬಿಡಿ, ಹುಡುಗಿಯ ಭಾರಕ್ಕೆ ಅಷ್ಟು ಸಾಕು ಎಂದ.

ಸಂಜೆ ಗಿರಣಿಯ ಬಾಗಿಲಲ್ಲಿ ಕೂತು ಪ್ರೇಮವ್ವ ಫೋರ್ಕ್ ಬಿಚ್ಚಿದಳು. ಗಟ್ಟಿ ಎಂದು ಹುಡುಕಿ ತಂದಿದ್ದನ್ನು ಮೆತ್ತಗೆ ಮಾಡುವ ಕೆಲಸ ಆಕೆಯ ಕೈಗೆ ರೂಢಿ ಇರಲಿಲ್ಲ. ಪಾನಾ ಎರಡು ಸಲ ಜಾರಿತು. ಜೋಡಿಸಿ ಮುಗಿಸಿದ ಮೇಲೆ ಶೈಲಾಳನ್ನು ಖಡಿ ದಾರಿಗೆ ಕಳಿಸಿ, ಹಿಂದೆಯೇ ಬೀದಿಗಿಳಿದು ಕೂಗಿದಳು.

"ತಗ್ಗಿತೇನ ಶೈಲಾ?"

"ತಗ್ಗಿತವ್ವಾ!"

ಹುಡುಗಿ ಒಂದು ಸುತ್ತು ಹೊಡೆದು ಬಂದು ಇಳಿದಳು. ಇಳಿದವಳೇ ಅಳತೊಡಗಿದಳು.

"ಈಗ್ಯಾಕ ಅಳತೀಯ? ನೋಯ್ತೇನು?"

"ಈಗ ನೋಯಲಿಲ್ಲ. ದಿನಾ ನೋಯ್ತಿತ್ತು."

"ಮತ್ತ ಹೇಳಾಕೇನಾಗಿತ್ತ?"

"ಅತ್ತರ ಮೆತ್ತಗದಾಳ ಅಂತೀಯಲ್ಲವ್ವ."

ಬೈಗುಳವೇ ಬರುತ್ತದೆಂದು ನಾನು ಕಾದೆ. ಪ್ರೇಮವ್ವ ಅಲ್ಲೇ ಗಿರಣಿಯ ಹೊಸ್ತಿಲ ಮೇಲೆ ಕೂತು ಮಗಳ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಒಳಗೆ ಜೋಳ ತೀರಿ ಕಲ್ಲಿಗೆ ಕಲ್ಲು ತಿಕ್ಕುತ್ತಿತ್ತು.

"ಏ, ಗಿರಣಿ ಬರೇ ತಿರಗಾಕತ್ತೈತಿ," ಎಂದ ಶಶಿಕಾಂತ ಗಾಬರಿಯಾಗಿ.

"ತಿರಗಲಿ," ಎಂದಳು ಪ್ರೇಮವ್ವ.