ಶ್ವಾಸಕೋಶದ ಕರಿ ಚುಕ್ಕೆಗಳು

ತೆಲುಗು ಸೀಮೆಯ ಕೈಗಾರಿಕಾ ಪ್ರದೇಶ ಜೀಡಿಮೆಟ್ಲಾದ ಕಾರ್ಖಾನೆಯೊಂದರಲ್ಲಿ ಟ್ಯಾಂಕ್ ತೊಳೆಯಲು ಇಳಿದ ವಿಜಯಪುರದ ಕಡೆಯ ಕೂಲಿಯಾಳು ಒಳಗೇ ಸತ್ತಿದ್ದ. ಅವನ ಶ್ವಾಸಕೋಶದ ಚೂರನ್ನು ನಾನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೆ. ಗಾಳಿಗೂಡುಗಳು ಹಿಗ್ಗಿ ಹರಿದಿದ್ದವು, ಉಸಿರಿಗಾಗಿ ಒದ್ದಾಡಿದವರಲ್ಲಿ ಕಾಣುವ ಹಾಗೆ. ಹೊರಗೆ ಬೆಂಚಿನ ಮೇಲೆ ಅವನ ತಮ್ಮ ಕಾಯುತ್ತಿದ್ದ.

ನನ್ನ ಜೊತೆ ಕನ್ನಡ ಆಡುವ ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. "ಕರೀ ಚುಕ್ಕಿ ಭಾಳ ಅದಾವಲ್ರಿ ಡಾಕ್ಟರ್. ಬೀಡಿ ಸೇದಿ ಸೇದಿ ಸತ್ತಾನಂತ ಕಂಪನಿಯವರು ಹೇಳಾಕತ್ತಾರ. ಹಂಗೇ ಬರದುಬಿಡ್ರಿ."

ನಾನು ವರದಿಯ ಹಾಳೆ ಎಳೆದುಕೊಂಡೆ.

"ಚುಕ್ಕಿಗೆ ಬೀಡಿನೇ ಬೇಕಂತಿಲ್ರಿ ಸಾಹೇಬ್ರ. ಜೀಡಿಮೆಟ್ಲಾದ ಹೊಗಿ ಹತ್ತು ವರ್ಷ ಕುಡದ್ರ ಯಾರಿಗಾದ್ರೂ ಹಿಂಗ ಆಗ್ತಾವ. ನಿಮ್ಮ ಠಾಣೆನೂ ಅಲ್ಲೇ ಐತಲ್ರಿ?"

ಶ್ವಾಸಕೋಶದ ಸ್ಥಿತಿ ಉಸಿರುಗಟ್ಟಿದ ಸಾವಿಗೆ ಹೊಂದುತ್ತದೆ ಎಂದು ಬರೆದು ಸಹಿ ಹಾಕಿದೆ. ವರದಿ ಹಿಡಿದು ಬಾಗಿಲತನಕ ಹೋದ ಸಾಹೇಬರು ತಿರುಗಿ ನಿಂತರು.

"ಎದಿ ಎಕ್ಸ್‌ರೇ ಎಲ್ಲಿ ಚಲೋ ತಗೀತಾರ್ರಿ?"